ಮಾಳಿಗೆಯಿಲ್ಲದ ಊರು

ಎಚ್ಚರವಾಗುವ ಮೊದಲೇ ಸದ್ದು ಕೇಳುತ್ತಿತ್ತು. ಟಣ್ ಟಣ್ ಟಣ್ ಟಣ್. ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು, ಅದೂ ನೀರಿನೊಳಗೆ ಇರುವವನಿಗೆ ಕೇಳುವ ಹಾಗೆ, ಎಲ್ಲ ದಿಕ್ಕಿನಿಂದಲೂ ಒಟ್ಟಿಗೇ. ಕ್ಯಾಪ್ಟನ್ ಓರ್ಲಿ ಹೇಲಾಕ್ ಕಣ್ಣು ಬಿಟ್ಟ. ಮಂಚದ ಕೆಳಗೆ ಹಲಗೆಯ ನೆಲ, ನೆಲದ ಕೆಳಗೆ ಕಂಬಗಳು, ಕಂಬಗಳ ಬುಡದಲ್ಲಿ ಸಮುದ್ರ. ಹಲಗೆಗಳ ಸಂದಿನಿಂದ ಮೇಲೆದ್ದ ನೀರಿನ ಬೆಳಕು ಸೂರಿನ ತಗಡಿನ ಮೇಲೆ ನಡುಗುತ್ತ ಹರಡಿತ್ತು. ತಾನೇ ತಳದಲ್ಲಿ ಮಲಗಿದ್ದೇನೆ, ಮೇಲೆ ಕಾಣುತ್ತಿರುವುದು ಸಮುದ್ರದ ಮೇಲ್ಮೈ, ಇನ್ನು ಸ್ವಲ್ಪ ಹೊತ್ತಿಗೆ ಯಾರೋ ತನ್ನನ್ನು ಕರೆಯುತ್ತಾರೆ ಅನ್ನಿಸಿತು. ಹಾಗೆ ಅನ್ನಿಸಿದ್ದರಲ್ಲಿ ಒಂದು ಬಗೆಯ ಸುಖವೂ ಇತ್ತು, ನಾಚಿಕೆಯಾಗುವಂಥ ಸುಖ. ಆಮೇಲೆ ಸದ್ದು ಹತ್ತಿರವಾಯಿತು, ಕಿಟಕಿಯ ಕೆಳಗೇ ಬಂತು, ದಾಟಿತು. ನಾಸಾರಿಯೊನ ಗಾಲಿಕುರ್ಚಿ. ಈ ದ್ವೀಪದಲ್ಲಿ ರಸ್ತೆಯಿಲ್ಲ. ಮನೆಯಿಂದ ಮನೆಗೆ ನೀರಿನ ಮೇಲೆ ಹಲಗೆಯ ದಾರಿ, ಪ್ರತಿ ಹಲಗೆಯ ಸಂದಿಗೂ ಕುರ್ಚಿಯ ಗಾಲಿ ಎಡವುತ್ತದೆ. ಎಡವಿದಾಗಲೆಲ್ಲ ಸದ್ದು. ಇಡೀ ಊರಿಗೆ ಅದು ಗಾಲಿಯ ಸದ್ದು. ಓರ್ಲಿಯೊಬ್ಬನಿಗೆ ಮಾತ್ರ ಬೇರೆ.

"ಏಳು ಓರ್ಲಿ," ಅಂದಳು ಹೆಂಡತಿ ಐನೆತ್, ಬಾಗಿಲಲ್ಲಿ ನಿಂತು. "ಅವನು ಆಗಲೇ ಹೊರಟ, ಕೇಳಿಸ್ತಿಲ್ವಾ? ಕಾಲಿಲ್ದೋನು ಚರ್ಚಿಗೆ ಮುಂಚೆ, ಕಾಲಿರೋ ಹಿರಿಯರು ಹಾಸಿಗೇಲಿ."

"ಕಾಲಿದೆ ಅವನಿಗೆ."

"ಇದ್ದೂ ಇಲ್ದಂಗೆ ಅಂದೆ ಮಾರಾಯ. ಬೆಳಗಾಗೆದ್ದು ಮಾತಿಗೆ ಮಾತು." ಅವಳು ಎರಡು ಶರಟುಗಳನ್ನು ಹಾಸಿಗೆಯ ಮೇಲಿಟ್ಟಳು. ನಿನ್ನೆ ಹೊತ್ತು ಮುಳುಗುವ ಮೊದಲೇ ಇಸ್ತ್ರಿ ಮಾಡಿಟ್ಟಿದ್ದು; ಸಬ್ಬತ್ತಿನ ದಿನ, ಅಂದರೆ ಶುಕ್ರವಾರ ಹೊತ್ತು ಮುಳುಗಿದಲ್ಲಿಂದ ಶನಿವಾರ ಹೊತ್ತು ಮುಳುಗುವವರೆಗೆ, ಅವರ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಮುಟ್ಟುವುದಿಲ್ಲ, ಒಲೆ ಹಚ್ಚುವುದಿಲ್ಲ. "ಬಿಳೀದು ಈಗ ಪಾಠಕ್ಕೆ. ಈ ಹಳೇದು ಸಂಜೆ ನೀರಿಗಿಳಿಯೋಕೆ. ದೀಕ್ಷಾಸ್ನಾನಕ್ಕೆ ಪಾಸ್ಟರ್ ಒಬ್ಬನ ಕೈಲಿ ಅವನನ್ನ ಹಿಡಿಯೋಕಾಗಲ್ವಲ್ಲ. ಬೇರೆ ಯಾರೂ ಬೇಡ, ಕ್ಯಾಪ್ಟನ್ನೇ ಹಿಡ್ಕೋಬೇಕು ಅಂದನಂತೆ ನಾಸಾರಿಯೊ. ನೋಡು, ಎಷ್ಟು ಗೌರವ ಇಟ್ಟಿದಾನೆ ನಿನ್ಮೇಲೆ."

ಗೌರವ. ಶರಟಿನ ಗುಂಡಿ ಹಾಕಿಕೊಳ್ಳುತ್ತ ಅವನು ತನ್ನ ಕೈ ನೋಡಿಕೊಂಡ. ದಪ್ಪ ಬೆರಳು, ಉಪ್ಪು ತಿಂದ ಚರ್ಮ. ಸ್ಪ್ಯಾನರ್ ಹಿಡಿದಿದ್ದು ಈ ಬಲಗೈಯೇ. ಆವತ್ತು ಶುಕ್ರವಾರ, ಲಾಬ್‌ಸ್ಟರ್ ಹಂಗಾಮಿನ ಕೊನೆ, ಸಮುದ್ರ ಎಣ್ಣೆ ಸುರಿದ ಹಾಗೆ ತಣ್ಣಗಿತ್ತು. ದೊಡ್ಡ ಹಡಗು ದೂರದಲ್ಲಿ ಲಂಗರು ಹಾಕಿತ್ತು. ಮುಳುಗುಗಾರರೆಲ್ಲ ಹತ್ತಿ ಆಗಿತ್ತು, ನಾಸಾರಿಯೊ ಒಬ್ಬ ಬಿಟ್ಟು; ಅವನ ದೋಣಿಯವನು ಹಿಡಿದ ಮಾಲನ್ನು ಹಡಗಿಗೆ ಹಾಕಿಬರಲು ಹೋಗಿದ್ದ. ಆದ್ದರಿಂದ ಸಣ್ಣ ದೋಣಿ ತೆಗೆದುಕೊಂಡು ಕ್ಯಾಪ್ಟನ್ನೇ ಬಂದಿದ್ದ, ಒಬ್ಬನೇ. ನಾಸಾರಿಯೊನ ಉಸಿರಿನ ಗುಳ್ಳೆಗಳು ಒಂದೇ ಜಾಗದಲ್ಲಿ ನಿಧಾನವಾಗಿ ಏಳುತ್ತಿದ್ದವು. ಪಡುವಣದಲ್ಲಿ ಸೂರ್ಯ ನೀರಿಗಿಂತ ಮೂರು ಬೆರಳು ಮೇಲಿತ್ತು. ನೋಡುತ್ತಿದ್ದ ಹಾಗೆ ಎರಡು ಬೆರಳು. ಸೂರ್ಯ ನೀರು ಮುಟ್ಟಿದರೆ ಸಬ್ಬತ್ತು. ಅಪ್ಪ ಮುರಿಯದ ಸಬ್ಬತ್ತು, ಅಜ್ಜ ಬಿರುಗಾಳಿಯಲ್ಲೂ ಮುರಿಯದ ಸಬ್ಬತ್ತು. ಅವನ ಹಡಗಿನಲ್ಲಿ ಆ ಹೊತ್ತಿಗೆ ಒಂದು ಹಗ್ಗ ಕೂಡ ಅಲುಗಬಾರದು. ಅವನು ಮುಳುಗುಗಾರರು ಬೆನ್ನಿಗೆ ಕಟ್ಟುವ ಒಂದು ಖಾಲಿ ಗಾಳಿಬುಡ್ಡಿಯನ್ನು ಅರ್ಧ ನೀರಿಗಿಳಿಸಿ ಸ್ಪ್ಯಾನರಿನಿಂದ ಬಡಿದ. ನೀರೊಳಗೆ ಆ ಸದ್ದು ಬಹಳ ದೂರ ಹೋಗುತ್ತದೆ. ಬಿಟ್ಟು ಬಿಟ್ಟು ಬಡಿದರೆ, ಕೆಲಸ ಸಾಕು, ತಡೆದು ತಡೆದು ಮೇಲೆ ಬಾ ಅಂತ. ಬಿಡದೆ ಬಡಿದರೆ, ಅಪಾಯ, ಇದ್ದ ಹಾಗೇ ಬಾ ಅಂತ. ಹಾಗೆ ಒಂದೇ ಸಲ ಮೇಲೆ ಬಂದವನ ರಕ್ತದಲ್ಲಿ ಗಾಳಿ ಗುಳ್ಳೆಗಟ್ಟಿ ಕಾಲು ಸತ್ತುಹೋಗಬಹುದು. ಮೊದಲು ಬಿಟ್ಟು ಬಿಟ್ಟೇ ಬಡಿದ. ಗುಳ್ಳೆ ಅಲ್ಲೇ ಇತ್ತು. ಸೂರ್ಯ ಒಂದು ಬೆರಳು. ಆಗ ಕೈ ತಾನಾಗಿಯೇ, ಹೌದು, ತಾನಾಗಿಯೇ ಅಂತ ಅವನು ಎಷ್ಟು ಸಲ ಹೇಳಿಕೊಂಡಿದ್ದಾನೆ, ಬಿಡದೆ ಬಡಿಯತೊಡಗಿತು.

ಚರ್ಚಿನ ಒಳಗೆ ತಂಪಾಗಿತ್ತು. ಅದೂ ಕಂಬಗಳ ಮೇಲೆ ನಿಂತದ್ದೇ. ಪ್ರಾರ್ಥನೆಗೆ ತಲೆ ತಗ್ಗಿಸಿದರೆ ಸಂದಿನಲ್ಲಿ ಸಣ್ಣ ಹಳದಿ ಮೀನುಗಳು ಕಾಣುತ್ತವೆ. ಈ ತಿಂಗಳ ಪಾಠ ಮೋಶೆಯ ಹಳೇ ಕಟ್ಟಳೆಗಳನ್ನು ಈ ಕಾಲದಲ್ಲಿ ನಡೆಸುವುದು ಹೇಗೆ ಅಂತ. ಪಾಠ ಹೇಳುವವನು ಸಭೆಯ ಹಿರಿಯ ಓರ್ಲಿ ಹೇಲಾಕ್. ಅವನ ಪಕ್ಕದಲ್ಲಿ ಹೊಸ ಪಾಸ್ಟರ್ ಉಲೀಸೆಸ್ ಮಟೂತೆ, ಆಚೆ ದಡದ ದೊಡ್ಡ ಊರಿನಲ್ಲಿ ಓದಿ ಬಂದ ಹುಡುಗ, ದ್ವೀಪದ ಮಾತನ್ನು ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದ ಹಾಗೆ ಆಡುತ್ತಿದ್ದ. ಕ್ಯಾಪ್ಟನ್‌ಗೆ ಬಾಯಿಪಾಠವಾಗಿದ್ದ ವಚನ ಒಂದಿತ್ತು. ರೆಕ್ಕೆಯೂ ಪೊರೆಯೂ ಇಲ್ಲದ ನೀರಿನ ಜೀವಿ ಅಶುದ್ಧ, ಆದ್ದರಿಂದ ಲಾಬ್‌ಸ್ಟರ್ ನಮ್ಮ ತಟ್ಟೆಗೆ ಬರುವುದಿಲ್ಲ. ಆದರೆ ನಾವು ತಿನ್ನಬಾರದ್ದನ್ನು ಪರದೇಶದವನಿಗೆ ಮಾರಬಹುದು ಅಂತ ಮೋಶೆಯೇ ಒಂದು ಕಡೆ ಅಪ್ಪಣೆ ಕೊಟ್ಟಿದ್ದಾನೆ. ಸತ್ತುಬಿದ್ದ ದನದ ವಿಷಯಕ್ಕೆ ಹೇಳಿದ ಮಾತದು. ಅದನ್ನು ಅವನ ಅಪ್ಪ ಲಾಬ್‌ಸ್ಟರಿಗೆ ಹೊಂದಿಸಿದ್ದ, ಅವನೂ ಹೊಂದಿಸಿದ. ಊರಿನ ಒಲೆಗಳೆಲ್ಲ ಆ ಒಂದು ಮಾತಿನ ಮೇಲೆ ಉರಿಯುತ್ತಿದ್ದವು.

"ಮೋಶೆ ಅದೊಂದು ಹೇಳಿದ್ದಕ್ಕೆ ಬದುಕಿದ್ವಿ," ಅಂದಳು ಮುಂದಿನ ಬೆಂಚಿನ ಮಿಸ್ ಆರ್ಡಿತ್. ಊರಿಗೇ ಹಿರಿಯಳು, ಅವಳ ಬಾಯಿಗೆ ಹೆದರದವರಿಲ್ಲ. "ಇಲ್ದಿದ್ರೆ ತೆಂಗಿನಕಾಯಿ ತುರ್ಕೊಂಡು ಕೂತಿರ್ಬೇಕಿತ್ತು."

ಎಲ್ಲರೂ ನಕ್ಕರು. ಪಾಸ್ಟರನೂ ನಕ್ಕ. ನಕ್ಕು, ಅದೇ ಪುಸ್ತಕದಲ್ಲಿ ಕೆಲವು ಹಾಳೆ ಮುಂದೆ ತಿರುಗಿಸಿ, "ಇದೊಂದಿದೆ ನೋಡಿ," ಅಂದ. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಮೋಟುಗೋಡೆ ಎತ್ತಿಸಬೇಕು. ಎತ್ತಿಸದೆ, ಮೇಲಿಂದ ಯಾರಾದರೂ ಬಿದ್ದರೆ, ಆ ರಕ್ತದ ಹೊಣೆ ಮನೆಯವನದು. "ಇದನ್ನ ನಾವಿವತ್ತು ಹೇಗೆ ನಡೆಸೋದು, ಕ್ಯಾಪ್ಟನ್?"

"ಇದು ನಮಗೆ ಬರಲ್ಲ," ಅಂದ ಕ್ಯಾಪ್ಟನ್. ದನಿ ತನಗೇ ಜೋರಾಗಿ ಕೇಳಿತು. "ನಮ್ಮೂರಲ್ಲಿ ಮಾಳಿಗೆ ಎಲ್ಲಿದೆ? ಎಲ್ಲ ಇಳಿಜಾರು ತಗಡು."

"ಮೇಲೆ ಹತ್ತಿ ಕೂರೋದು ಪೆಲಿಕನ್ ಹಕ್ಕಿ ಮಾತ್ರ," ಅಂದಳು ಮಿಸ್ ಆರ್ಡಿತ್. "ಬಿದ್ರೆ ಹಾರುತ್ತೆ. ರಕ್ತದ ಹೊಣೆ ಇಲ್ಲ."

"ಮಾಳಿಗೆ ಅಂದ್ರೆ ಮಾಳಿಗೇನೇ ಆಗ್ಬೇಕಾ?" ಪಾಸ್ಟರ್ ಬಿಡಲಿಲ್ಲ. "ಲಾಬ್‌ಸ್ಟರಿಗೆ ದನದ ಮಾತು ಹೊಂದುತ್ತೆ ಅಂದ್ರೆ, ಇದೂ ಎಲ್ಲಾದ್ರೂ ಹೊಂದ್ಲೇಬೇಕಲ್ಲ? ನಮ್ಮ ಅನುಕೂಲಕ್ಕೆ ಬಂದಿದ್ದು ಮಾತ್ರ ಹೊಂದಿಸ್ಕೊಳ್ಳೋದಾ?"

ಕ್ಯಾಪ್ಟನ್ ಪುಸ್ತಕದ ಹಾಳೆ ನೋಡುತ್ತ ನಿಂತ. ಅಕ್ಷರಗಳು ನೀರಿನಲ್ಲಿ ಬಿದ್ದ ಹಾಗೆ ಅಲುಗುತ್ತಿದ್ದವು. ನಿನ್ನೆ ಮೊನ್ನೆಯ ಹುಡುಗ, ಸಮುದ್ರದಲ್ಲಿ ವಾಂತಿ ಮಾಡಿಕೊಳ್ಳುವವನು, ಎಲ್ಲರೆದುರು ನನ್ನನ್ನು ಪಾಠ ಕಲಿಯದ ಮಗುವಿನ ಹಾಗೆ ನಿಲ್ಲಿಸಿದನಲ್ಲ ಎಂದು ಮೈ ಉರಿಯಿತು. ಆ ಉರಿ ಅವನಿಗೆ ಬೇಕಾಗಿತ್ತು. ಅದು ಇರುವಷ್ಟು ಹೊತ್ತು ಬೇರೆ ಏನೂ ನೆನಪಾಗುತ್ತಿರಲಿಲ್ಲ. ಹಿಂದಿನಿಂದ ಗಾಲಿ ಒಮ್ಮೆ ಕಿರುಗುಟ್ಟಿತು. ನಾಸಾರಿಯೊ ಬಾಗಿಲ ಹತ್ತಿರದ ಗಾಳಿಯಲ್ಲಿ ಕೂತಿದ್ದ. ಎದೆ, ತೋಳು ಇನ್ನೂ ಮುಳುಗುಗಾರನವೇ; ಕೆಳಗೆ ಮಾತ್ರ ಪ್ಯಾಂಟು ಬರಿದೇ ಮಡಿಸಿಟ್ಟ ಹಾಗೆ.

"ಸಮುದ್ರಕ್ಕೆ ಗೋಡೆ ಕಟ್ಟೋಕಾಗತ್ತಾ, ಕ್ಯಾಪ್ಟನ್?" ಅಂದ. ಕೇಳಿದ್ದು ಚೇಷ್ಟೆಗೋ ನಿಜಕ್ಕೋ ತಿಳಿಯಲಿಲ್ಲ.

"ನಿನಗೆ ಕಟ್ಟಿದ್ರೂ ನಿಲ್ತಿರಲಿಲ್ಲ ಬಿಡು," ಅಂದಳು ಮಿಸ್ ಆರ್ಡಿತ್, ಪ್ರೀತಿಯಿಂದಲೇ. "ಇನ್ನೊಂದು ಹಿಡೀತೀನಿ, ಇನ್ನೊಂದು ಹಿಡೀತೀನಿ ಅಂತ ತಳದಲ್ಲೇ ಕೂತ್ರೆ ಗೋಡೆ ಏನ್ಮಾಡತ್ತೆ? ಈಗ ಆಸೆ ಬಿಟ್ಟು ಕರ್ತನ ಹತ್ರ ಬರ್ತಿದ್ದೀಯ, ಒಳ್ಳೇದಾಯ್ತು."

"ನಮ್ಮ ಮಿಸ್ಕಿಟೊ ಜನಾನೂ ಹಂಗೇ ಅಂತಾರೆ, ಮಿಸ್ ಆರ್ಡಿತ್. ಆಸೆಬುರುಕನ್ನ ಮಾತ್ರ ಸಮುದ್ರ ಕಾಯೋ ಹೆಣ್ಣುದೇವತೆ ಹೊಡೆಯೋದು ಅಂತ." ನಾಸಾರಿಯೊನ ದನಿ ಏರಲಿಲ್ಲ. "ಮೊನ್ನೆ ನನ್ನ ಮಗಳು ಫೋನಲ್ಲಿ ಕೇಳಿದ್ಲು. ಅಪ್ಪಾ, ನೀನ್ಯಾಕೆ ಅಷ್ಟು ಆಸೆ ಪಟ್ಟೆ, ಅಂತ."

ಕ್ಯಾಪ್ಟನ್ ಪುಸ್ತಕ ಮುಚ್ಚಿದ. ಪಾಠ ಮುಗಿಯಿತು ಅಂತ ಎಲ್ಲರೂ ಅಂದುಕೊಂಡು ಎದ್ದರು. ಮುಗಿಸಬೇಕು ಅಂತ ಅವನು ಮುಚ್ಚಿದ್ದಲ್ಲ. ಆ ವಚನ ಕಣ್ಣಿಗೆ ಬೀಳಬಾರದೆಂದು ಮುಚ್ಚಿದ್ದು.

ಆಸೆಯ ಕಥೆ ಅವನು ಕಟ್ಟಿದ್ದಲ್ಲ, ಇಷ್ಟು ಮಾತ್ರ ಅವನು ಆಣೆ ಇಟ್ಟು ಹೇಳಬಲ್ಲ. ಆ ರಾತ್ರಿ ದೊಡ್ಡ ದ್ವೀಪದ ಆಸ್ಪತ್ರೆಯ ಕಟ್ಟೆಯಲ್ಲಿ ಲಾಬ್‌ಸ್ಟರ್ ಕೊಳ್ಳುವ ಕಂಪನಿಯವನು ಯಾರೋ ಕೇಳಿದ್ದ: "ಜಾಸ್ತಿ ಹೊತ್ತು ತಳದಲ್ಲಿ ಉಳಿದ್ನಾ? ಗಾಳಿ ಮುಗಿದು ಒಂದೇ ಸಲ ಮೇಲೆ ಬಂದ್ನಾ? ಇವರದು ಯಾವಾಗಲೂ ಇದೇ ಆಸೆ." ಅವನು "ಹೂಂ" ಅಂದ. ಅಷ್ಟೇ. ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ, ದಣಿದವನು ಅನ್ನುವ ಹೂಂ. ಆ ಹೂಂ ಅವನಿಗಿಂತ ಮೊದಲು ಊರಿಗೆ ಬಂದಿತ್ತು. ಹಡಗು ಕಟ್ಟಿ ಹಲಗೆ ಹತ್ತುವಷ್ಟರಲ್ಲಿ ಅದಕ್ಕೆ ಕೈಕಾಲು ಬೆಳೆದು, ನಾಸಾರಿಯೊ ಎರಡು ಕೈಯಲ್ಲೂ ಲಾಬ್‌ಸ್ಟರ್ ಹಿಡಿದುಕೊಂಡೇ ಮೇಲೆ ಬಂದ ಅಂತಾಗಿತ್ತು. ಖಾಲಿ ಕೈಯಲ್ಲಿ ಬಂದಿದ್ದ ಅವನು. ಹಿಡಿದದ್ದನ್ನೆಲ್ಲ ಕೆಳಗೇ ಬಿಟ್ಟು, ಕಣ್ಣರಳಿಸಿಕೊಂಡು ಬಂದು ದೋಣಿಯ ಅಂಚು ಹಿಡಿದು, "ಎಲ್ಲಿ? ಏನಾಯ್ತು? ಶಾರ್ಕಾ?" ಅಂತ ಕೇಳಿದ್ದ. ಕ್ಯಾಪ್ಟನ್ ಪಡುವಣಕ್ಕೆ ಕೈ ತೋರಿಸಿ, "ಸಬ್ಬತ್ತು," ಅಂದಿದ್ದ. ನಾಸಾರಿಯೊ ನಕ್ಕಿದ್ದ. ದೋಣಿಗೆ ಹತ್ತಿ, ನೀರು ಕುಡಿದು, ಮತ್ತೆ ನೆನಪಾಗಿ ಮತ್ತೆ ನಕ್ಕಿದ್ದ. ಹಡಗು ಮುಟ್ಟುವ ಹೊತ್ತಿಗೆ, ಕಾಲು ಜೋಮು ಹಿಡಿದಿದೆ ಅಂದ. ಸೂರ್ಯ ಮುಳುಗಿತು.

ಇನ್ನೊಂದೂ ಇತ್ತು. ಮುಂದಿನ ಸಬ್ಬತ್ತಿನಲ್ಲಿ ಸಭೆಯೆದುರು ಅವನು ಸಾಕ್ಷಿ ಹೇಳಿದ್ದ. ಎತ್ತು ಬಾವಿಗೆ ಬಿದ್ದರೆ ಸಬ್ಬತ್ತಾದರೂ ಎತ್ತಬಹುದು ಅಂತ ಕರ್ತನ ಮಾತಿದೆಯಲ್ಲ. ಆ ಮಾತನ್ನೇ ನೆನೆದು ಆ ರಾತ್ರಿ ಲಂಗರು ಕಿತ್ತು ಆಸ್ಪತ್ರೆಗೆ ಹಡಗು ನಡೆಸಿದೆ, ಜೀವನದಲ್ಲಿ ಮೊದಲ ಸಲ ಸಬ್ಬತ್ತಿನಲ್ಲಿ ಎಂಜಿನ್ ಮುಟ್ಟಿದೆ, ಅಂದಿದ್ದ. ಸಭೆಯೆಲ್ಲ ಆಮೆನ್ ಅಂದಿತು. ಹೆಂಗಸರು ಕಣ್ಣೊರಸಿಕೊಂಡರು. ಎತ್ತನ್ನು ಬಾವಿಗೆ ನೂಕಿದವರು ಯಾರು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಅಂದುಕೊಂಡಿದ್ದ. ಥೂ, ಎಂಥ ಸುಳ್ಳು.

ಮಧ್ಯಾಹ್ನ ಐನೆತ್ ನಿನ್ನೆಯ ತೆಂಗಿನಹಾಲಿನ ಅನ್ನ, ಹುರಿದ ಮೀನು, ತಣ್ಣನೆಯ ರೊಟ್ಟಿ ಬಡಿಸಿದಳು. ತುತ್ತು ಬಾಯಲ್ಲೇ ತಿರುಗಿತು.

"ಮೈಗೆ ಹುಷಾರಿಲ್ವಾ?"

"ಆ ಮೋಟುಗೋಡೆ," ಅಂದ ಅವನು. "ಪಾಸ್ಟರ್ ಕೇಳಿದ್ದು."

"ಅಯ್ಯೋ, ಅದನ್ನೇ ಹಿಡ್ಕೊಂಡು ಕೂತಿದ್ದೀಯಾ? ಓದಿ ಬಂದಿರೋ ಬಿಸಿ, ಒಂದು ಹಂಗಾಮು ಕಳೆದ್ರೆ ಆರತ್ತೆ." ಅವಳು ಅವನ ತಟ್ಟೆಗೆ ಇನ್ನೊಂದು ಮೀನು ಹಾಕಿದಳು. "ನೀನು ಅವನಿಗಾಗಿ ಸಬ್ಬತ್ತನ್ನೇ ಬಿಟ್ಟೋನು. ನಿನಗ್ಯಾಕೆ ಗೋಡೆ ಪಾಠ?"

"ಐನೆತ್, ಆವತ್ತು ನಾನು..." ಅಂದ. ಕಿಟಕಿಯಾಚೆ ನೀರು ಬಿಳಿಯಾಗಿ ಉರಿಯುತ್ತಿತ್ತು. ಅವಳು ಕತ್ತು ವಾರೆ ಮಾಡಿ ಕಾಯುತ್ತಿದ್ದಳು, ಕೈಯಲ್ಲಿ ಮೀನಿನ ಸೌಟು. ಮದುವೆಯಾದ ಹೊಸತರಲ್ಲೂ ಹೀಗೇ ಕತ್ತು ವಾರೆ ಮಾಡಿ ಕೇಳುತ್ತಿದ್ದಳು. ಇವಳ ಈ ಮುಖ ಬದಲಾಗುವುದನ್ನು ನೋಡಲು ತನ್ನಿಂದ ಆಗದು ಅನ್ನಿಸಿತು. "ಆವತ್ತು ನಾನು ಊಟ ಮಾಡಿರಲಿಲ್ಲ," ಅಂದ.

"ಇವತ್ತಾದ್ರೂ ಮಾಡು," ಅಂದಳು.

ಸಂಜೆ ಸಭೆಯೆಲ್ಲ ಮರಳಿನ ತುದಿಗೆ ಬಂದಿತು. ದ್ವೀಪದಲ್ಲಿ ಕಾಲಿಗೆ ಮಣ್ಣು ತಾಗುವ ಜಾಗ ಅದೊಂದೇ. ಹೆಂಗಸರು ಹಾಡುತ್ತಿದ್ದರು, ಗಾಳಿ ಹಾಡನ್ನು ಅರ್ಧ ತಂದು ಅರ್ಧ ಒಯ್ಯುತ್ತಿತ್ತು. ಕ್ಯಾಪ್ಟನ್ ಕುರ್ಚಿಯ ಹತ್ತಿರ ಬಗ್ಗಿ ನಾಸಾರಿಯೊನನ್ನು ತೋಳಿಗೆತ್ತಿಕೊಂಡ. ಇಷ್ಟು ಹಗುರ ಇರಬಹುದೆಂದು ಅಂದುಕೊಂಡಿರಲಿಲ್ಲ. ಅವನ ಕುತ್ತಿಗೆಯಿಂದ ಸೋಪಿನ ವಾಸನೆ ಬರುತ್ತಿತ್ತು, ಬೆಳಿಗ್ಗೆಯೇ ಮೈ ತೊಳೆದು ಸಿದ್ಧನಾಗಿದ್ದ ಮನುಷ್ಯ. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಪಾಸ್ಟರ್ ಇನ್ನೊಂದು ಬದಿಗೆ ಬಂದು ಬೆನ್ನಿಗೆ ಕೈ ಕೊಟ್ಟ. ನಾಸಾರಿಯೊನ ಕಾಲುಗಳು ನೆನೆಸಿಟ್ಟ ಬಟ್ಟೆಯ ಹಾಗೆ ತಾವಾಗಿಯೇ ತೇಲಿ ಮೇಲೆ ಬಂದವು. ಅವನ ಎದೆ ಬೇಗ ಬೇಗ ಏರಿಳಿಯುತ್ತಿದ್ದದ್ದು ಕ್ಯಾಪ್ಟನ್‌ನ ತೋಳಿಗೆ ತಿಳಿಯುತ್ತಿತ್ತು. ಹೆದರಿದ್ದ. ಈ ನೀರಿನಲ್ಲಿ ಮೀನಿನ ಹಾಗೆ ಇದ್ದವನು, ಸೊಂಟದ ಮಟ್ಟದ ನೀರಿಗೆ ಹೆದರಿದ್ದ.

"ನಾಸಾರಿಯೊ," ಅಂದ ಪಾಸ್ಟರ್, ದಡದವರಿಗೂ ಕೇಳುವ ಹಾಗೆ. "ಮುಳುಗುವ ಮುಂಚೆ ನಿನ್ನ ಸಾಕ್ಷಿ ಹೇಳು."

ದಡದಲ್ಲಿ ಹಾಡು ನಿಂತಿತು.

"ಕ್ಯಾಪ್ಟನ್ ಹೇಳ್ತಾರೆ," ಅಂದ ನಾಸಾರಿಯೊ.

"ನಿನ್ನ ಸಾಕ್ಷಿ ನೀನೇ ಹೇಳ್ಬೇಕಪ್ಪ," ಅಂದ ಪಾಸ್ಟರ್, ಮೆತ್ತಗೆ.

"ನಾನು ಹೇಳಿದ್ರೆ ಯಾರು ನಂಬ್ತಾರೆ, ಪಾಸ್ಟರ್? ಆವತ್ತು ದೋಣಿಯಲ್ಲಿ ಇದ್ದಿದ್ದು ನಾವಿಬ್ರೇ." ಅವನು ತಲೆ ಹೊರಳಿಸಿ ಕ್ಯಾಪ್ಟನ್‌ನ ಮುಖ ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದೇ ದೊಡ್ಡ ಕಷ್ಟ; ಸಿಟ್ಟಿದ್ದರೆ ಎದುರಿಸಬಹುದಿತ್ತು. ದನಿ ತಗ್ಗಿಸಿ ಅಂದ: "ನಿಮ್ಮ ಬಾಯಿಂದಲೇ ಬರ್ಲಿ ಅಂತ ಇಷ್ಟು ದಿನ ಕಾದೆ. ಅದಕ್ಕೇ ನಿಮ್ಮನ್ನ ಕೇಳಿದ್ದು. ಇನ್ನೆಲ್ಲಿ ಹಿಡೀಲಿ ನಿಮ್ಮನ್ನ?"

ಗೌರವವಂತೆ, ಗೌರವ. ಕ್ಯಾಪ್ಟನ್ ದಡ ನೋಡಿದ. ಐನೆತ್ ಒಣ ಬಟ್ಟೆ ಎದೆಗವಚಿಕೊಂಡು ನಿಂತಿದ್ದಳು. ಮಿಸ್ ಆರ್ಡಿತ್ ಕೊಡೆ ಊರಿಕೊಂಡಿದ್ದಳು. ಅವರ ಹಿಂದೆ ಅವನ ಊರು, ಇಳಿಜಾರು ತಗಡಿನ ಮನೆಗಳು, ಒಂದಕ್ಕೂ ಮಾಳಿಗೆಯಿಲ್ಲ. ಮಾತು ಇಲ್ಲೇ, ನಾಲಿಗೆಯ ಹಿಂದೆ ಇತ್ತು. ಕೈಯಲ್ಲಿ ಒಬ್ಬ ಮನುಷ್ಯನಿದ್ದಾನೆ, ಆದ್ದರಿಂದ ಓಡಿಹೋಗಲೂ ಬರುವುದಿಲ್ಲ. ಬಿಟ್ಟರೆ ಮುಳುಗುತ್ತಾನೆ. ಇದೇ ಮಾಳಿಗೆ, ಇದೇ ಅಂಚು ಅಂದುಕೊಂಡ.

"ನಾಸಾರಿಯೊ ಆಸೆಗೆ ಬಿದ್ದು ತಳದಲ್ಲಿ ಉಳೀಲಿಲ್ಲ," ಅಂದ. ಅವನು ದಡದ ಕಡೆ ತಿರುಗಿದ. ಮತ್ತೆ ಅಂದ, ಜೋರಾಗಿ. "ಅವನದು ಏನೂ ತಪ್ಪಿಲ್ಲ. ಖಾಲಿ ಕೈಲಿ ಬಂದ ಅವನು. ನಾನು ಅಪಾಯದ ಬಡಿತ ಬಡಿದೆ. ಅಪಾಯ ಏನೂ ಇರ್ಲಿಲ್ಲ. ಹೊತ್ತು ಮುಳುಗ್ತಿತ್ತು, ಅಷ್ಟೇ. ನನ್ನ ಸಬ್ಬತ್ತು ಕೆಡಬಾರದು ಅಂತ ಅವನನ್ನ ಒಂದೇ ಉಸಿರಿಗೆ ಮೇಲಕ್ಕೆ ಕರೆಸಿದೆ. ಆಮೇಲೆ ಸುಳ್ಳಿಗೆ ಹೂಂ ಅಂದೆ."

ದಡದಲ್ಲಿ ಯಾರೋ ರೂಢಿಯ ಮೇಲೆ ಆಮೆನ್ ಅನ್ನಲು ಹೋಗಿ, ಅರ್ಧಕ್ಕೇ ನುಂಗಿಕೊಂಡರು. ಮಿಸ್ ಆರ್ಡಿತ್ ಮರಳಿನ ಮೇಲೆ ಕೂತುಬಿಟ್ಟಳು. "ನಾನು ಏನೆಲ್ಲ ಅಂದ್ಬಿಟ್ನಲ್ಲೋ ಮಗನೇ," ಅಂದದ್ದು ನೀರಿನ ಮೇಲೆ ಸ್ಪಷ್ಟವಾಗಿ ಕೇಳಿತು. ಐನೆತ್‌ಳ ಮುಖವನ್ನು ಅವನು ನೋಡಿದ. ಅದು ಬದಲಾಯಿತು. ಹೇಗೆ ಬದಲಾಗಬಹುದೆಂದು ಇಷ್ಟು ದಿನ ಹೆದರಿದ್ದನೋ ಹಾಗೆಯೇ ಬದಲಾಯಿತು, ಆದರೂ ಅವಳು ಬಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು.

"ಇದನ್ನ ನನ್ನ ಮಗಳಿಗೂ ಹೇಳ್ಬೇಕು ನೀವು," ಅಂದ ನಾಸಾರಿಯೊ. "ಫೋನಲ್ಲಿ. ಇವತ್ತೇ."

"ಹೂಂ," ಅಂದ ಕ್ಯಾಪ್ಟನ್. ಅಂದ ತಕ್ಷಣ ಆ ಸದ್ದಿಗೆ ತಾನೇ ಹೇಸಿದ. "ಹೇಳ್ತೀನಿ," ಅಂದ. "ಇವತ್ತೇ ಹೇಳ್ತೀನಿ."

ಪಡುವಣದಲ್ಲಿ ಸೂರ್ಯ ನೀರಿಗೆ ಹತ್ತಿರವಾಗಿತ್ತು. ಅದನ್ನು ನೋಡಿದ ಪಾಸ್ಟರ್ ಗಂಟಲು ಸರಿಮಾಡಿಕೊಂಡು ಹೇಳಬೇಕಾದ ಮಾತುಗಳನ್ನು ಬೇಗ ಬೇಗ ಹೇಳಿದ. ನಾಸಾರಿಯೊ ಒಂದು ಕೈಯಿಂದ ಮೂಗು ಮುಚ್ಚಿಕೊಂಡ, ಇನ್ನೊಂದರಿಂದ ಕ್ಯಾಪ್ಟನ್‌ನ ಶರಟಿನ ತೋಳು ಹಿಡಿದ. ಮತ್ತೆ ಮೂಗು ಬಿಟ್ಟು ಅಂದ:

"ಎತ್ತುವಾಗ ಈ ಸಲ ನಿಧಾನ, ಕ್ಯಾಪ್ಟನ್."

ಇಬ್ಬರೂ ಸೇರಿ ಅವನನ್ನು ಮುಳುಗಿಸಿದರು. ನೀರು ಅವನ ಮುಖದ ಮೇಲೆ ಕೂಡಿಕೊಂಡಿತು. ಕಣ್ಣು ತೆರೆದೇ ಇತ್ತು. ಪಾಸ್ಟರ್ ಎತ್ತಲು ಹೋದ. "ತಡಿ," ಅಂದ ಕ್ಯಾಪ್ಟನ್. ಒಂದು ಗುಳ್ಳೆ ಮೇಲೆ ಬಂತು. ಅವನು ಎರಡೂ ತೋಳನ್ನು ಕೆಳಗೆ ತೂರಿಸಿ, ಮಲಗಿದ ಕೂಸನ್ನು ತೊಟ್ಟಿಲಿಂದ ತೆಗೆಯುವವನ ಹಾಗೆ, ಸ್ವಲ್ಪ ಎತ್ತಿ, ನಿಂತು, ಮತ್ತೆ ಸ್ವಲ್ಪ ಎತ್ತಿ ನಿಂತ. ದಡದಲ್ಲಿ ಯಾರೂ ಹಾಡಲಿಲ್ಲ. ಸೂರ್ಯ ಯಾವಾಗ ಮುಳುಗಿತೋ ಅವನು ನೋಡಲಿಲ್ಲ.